ಮುರಿದ ಶಾಫ್ಟ್: ಪರೀಕ್ಷೆಗೆ ನಾನು ಹಿಡಿಯುವ ಕ್ರಮ

ಶಾಫ್ಟ್, ಅಂದರೆ ಯಂತ್ರದಲ್ಲಿ ತಿರುಗುವ ಉಕ್ಕಿನ ದಂಡ, ಏಕೆ ಮುರಿಯಿತೆಂದು ತಿಳಿಯಲು ಅದು ಕೈಗೆ ಬಂದ ಕೂಡಲೇ ಹೆಚ್ಚಿನವರು ಎರಡು ತುಂಡನ್ನೂ ಕೂಡಿಸಿ ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುರಿದ ಮೈಮೇಲಿನ ಗುರುತುಗಳು ಮೈಕ್ರಾನ್ ಲೆಕ್ಕದವು, ಒಮ್ಮೆ ಉಜ್ಜಿದರೆ ಹೋದವು. ಬೆರಳೂ ತಾಗಬಾರದು, ಬೆವರಿನ ಉಪ್ಪಿಗೆ ಬೇಗ ತುಕ್ಕು ಹಿಡಿಯುತ್ತದೆ. ನಾನು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು, ತುಂಡುಗಳನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಬೇರೆ ಬೇರೆ ಡಬ್ಬಿಯಲ್ಲಿಡುತ್ತೇನೆ.

ತುಕ್ಕು ಅಥವಾ ಬಿಳಿ ಪುಡಿ ಅಂಟಿದ್ದರೆ ತೊಳೆಯುವ ಮೊದಲೇ ಅದರ ರಾಸಾಯನಿಕ ವಿಶ್ಲೇಷಣೆ ಆಗಬೇಕು. ಉಕ್ಕನ್ನು ತಿನ್ನುವ ಕ್ಲೋರೈಡ್ (ಉಪ್ಪಿನ ಅಂಶ) ಇತ್ತೋ ಎಂಬುದು ಅಲ್ಲೇ ಸಿಗುವುದು. ವೈರ್ ಬ್ರಷ್ ಹತ್ತಿರವೂ ತರಬೇಡಿ. ಜಿಡ್ಡಿಗೆ ಅಸಿಟೋನ್ ಸಾಕು. ಅದನ್ನು ನೇರವಾಗಿ ಅಲ್ಟ್ರಾಸಾನಿಕ್ ತೊಟ್ಟಿಗೆ (ಶಬ್ದದ ಕಂಪನದಿಂದ ತೊಳೆಯುವ ತೊಟ್ಟಿ) ಸುರಿದರೆ ಬೆಂಕಿಯ ಅಪಾಯ. ಮುಚ್ಚಿದ ಬೀಕರಿನಲ್ಲಿಟ್ಟು, ಬೀಕರನ್ನು ತೊಟ್ಟಿಯ ನೀರಿನಲ್ಲಿಡಬೇಕು.

ಆಮೇಲೆ ಸ್ಟೀರಿಯೊ ಮೈಕ್ರೋಸ್ಕೋಪ್, 10ರಿಂದ 20 ಪಟ್ಟು. ಬೆಳಕು ಓರೆಯಾಗಿ ಬೀಳಬೇಕು, ಆಗಲೇ ಅಲೆಗೆರೆಗಳು (ಬಿರುಕು ಹಂತ ಹಂತವಾಗಿ ಮುಂದೆ ಸಾಗಿದಾಗ ಉಳಿದ ಕಮಾನಿನಂಥ ಗುರುತುಗಳು) ಎದ್ದು ಕಾಣುತ್ತವೆ. ಆ ಕಮಾನುಗಳ ಒಳಬಾಗಿನ ಕಡೆಗೆ ಹಿಂದಕ್ಕೆ ಹೋದರೆ ಬಿರುಕು ಹುಟ್ಟಿದ ಜಾಗ ಸಿಗುತ್ತದೆ. ಶಾಫ್ಟ್‌ಗಳಲ್ಲಿ ಬಹಳ ಸಲ ಅದು ಕೀವೇಯ (ಚಕ್ರವನ್ನು ಶಾಫ್ಟ್‌ಗೆ ಬಿಗಿಯುವ ಕೀಲಿಗಾಗಿ ಕೊರೆದ ಗಾಡಿ) ಚೂಪು ಮೂಲೆ. ಅಂಚಿನಲ್ಲಿ ಚಿಕ್ಕ ಮೆಟ್ಟಿಲುಗಳಿದ್ದರೆ ಬಿರುಕು ಹಲವು ಕಡೆ ಒಟ್ಟಿಗೆ ಹುಟ್ಟಿದೆ ಎಂದರ್ಥ. ಕೊನೆಗೆ ಒಮ್ಮೆಲೇ ಹರಿದ ಒರಟು ಭಾಗ ಚಿಕ್ಕದಾಗಿದ್ದರೆ ಲೋಡ್ ಹೆಚ್ಚಿರಲಿಲ್ಲ. ಮೂಲೆಯ ತ್ರಿಜ್ಯವನ್ನು ಅಳೆದು ಡ್ರಾಯಿಂಗ್‌ಗೆ ಹೋಲಿಸಿ.

ಮತ್ತೆ ಮತ್ತೆ ಬೀಳುವ ಲೋಡ್‌ನಿಂದ ಬಿರುಕು ನಿಧಾನವಾಗಿ ಬೆಳೆದು ಮುರಿಯುವುದು ಫಟೀಗ್. ಹಾಗೆ ಬೆಳೆಯುವಾಗ ಉಳಿಯುವ ಸೂಕ್ಷ್ಮ ಗೆರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಾಣಲಿಲ್ಲ, ಆದ್ದರಿಂದ ಫಟೀಗ್ ಅಲ್ಲ ಎಂದು ಬರೆಯುವುದು ತಪ್ಪು. ಗಟ್ಟಿ ಉಕ್ಕಿನಲ್ಲಿ ಅವು ಎಷ್ಟೋ ಸಲ ಮೂಡುವುದೇ ಇಲ್ಲ. ಉಕ್ಕಿನೊಳಗೇ ಇರುವ ಪರ್ಲೈಟ್ ಎಂಬ ರಚನೆಯ ಪದರಗಳನ್ನು ಫಟೀಗ್ ಗೆರೆ ಎಂದುಕೊಳ್ಳುವುದೂ ಉಂಟು.

ಕತ್ತರಿಸುವುದು ಇಷ್ಟಾದ ಮೇಲೆ, ಅದೂ ಒಂದು ತುಂಡನ್ನು ಮಾತ್ರ. ಅಬ್ರೇಸಿವ್ ಚಕ್ರಕ್ಕೆ ಕೂಲಂಟ್ ಧಾರಾಳವಾಗಿರಲಿ. ಕೊಯ್ದ ಜಾಗ ನೀಲಿಯಾದರೆ ಅಲ್ಲಿನ ಗಡಸುತನ ನಂಬುವಂತಿಲ್ಲ. ಮಾದರಿಯನ್ನು ಮೌಂಟ್ ಮಾಡಿ (ರಾಳದಲ್ಲಿ ಕೂರಿಸಿ) 120ರಿಂದ 1000 ಗ್ರಿಟ್‌ವರೆಗಿನ ಮರಳು ಕಾಗದದಲ್ಲಿ, ಪ್ರತಿ ಪೇಪರಿಗೂ 90 ಡಿಗ್ರಿ ತಿರುಗಿಸಿ ಉಜ್ಜಬೇಕು. ನಂತರ 6 ಮತ್ತು 1 ಮೈಕ್ರಾನ್ ಡೈಮಂಡ್ ಪೇಸ್ಟ್. ಎಚಿಂಗ್‌ಗೆ (ಒಳರಚನೆ ಕಾಣಲು ಆಮ್ಲ ತಾಗಿಸುವುದು) ಮೊದಲೇ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಿ, ಕಲ್ಮಶದ ಕಣಗಳು ಆಗಲೇ ಸ್ಪಷ್ಟ. ಆಮೇಲೆ 98 ಮಿ.ಲೀ. ಎಥನಾಲ್‌ಗೆ 2 ಮಿ.ಲೀ. ನೈಟ್ರಿಕ್ ಆಮ್ಲ ಸೇರಿಸಿ, ಆ ದ್ರಾವಣದಲ್ಲಿ 5ರಿಂದ 10 ಸೆಕೆಂಡು ಎಚ್ ಮಾಡಿ.

ಕಾರ್ಬನ್ ಕಳೆದ ಉಕ್ಕು ಮೆದುವಾಗುತ್ತದೆ. ಮೇಲ್ಮೈಯಲ್ಲಿ ಹಾಗಾಗಿದೆಯೇ ಎಂದು ತಿಳಿಯಲು ಅಂಚಿನಿಂದ ಒಳಕ್ಕೆ 0.1 ಮಿ.ಮೀ. ಅಂತರದಲ್ಲಿ ಮೈಕ್ರೋಹಾರ್ಡ್‌ನೆಸ್ (ಚಿಕ್ಕ ವಜ್ರದ ಮೊನೆ ಒತ್ತಿ, ಉಳಿದ ಚೌಕದ ಅಚ್ಚಿನಿಂದ ಅಳೆಯುವ ಗಡಸುತನ) ತೆಗೆಯುತ್ತೇನೆ. 300 ವಿಕರ್ಸ್ (ಗಡಸುತನದ ಅಳತೆ) ಉಕ್ಕಿಗೆ 300 ಗ್ರಾಂ ಲೋಡ್ ಹಾಕಿದರೆ ಅಚ್ಚಿನ ಕರ್ಣ 43 ಮೈಕ್ರಾನ್. ಎರಡು ಅಚ್ಚುಗಳ ನಡುವೆ ಅದರ ಮೂರು ಪಟ್ಟಾದರೂ ಬೇಕಾದ್ದರಿಂದ 0.1 ಸಾಲದು. 100 ಗ್ರಾಂ ಲೋಡ್‌ಗೆ ಕರ್ಣ 25 ಮೈಕ್ರಾನ್, ಜಾಗ ಸಾಲುತ್ತದೆ.

ಕತ್ತರಿಸದ ಇನ್ನೊಂದು ತುಂಡು ಡಬ್ಬಿಯಲ್ಲೇ ಇರಲಿ. ವರದಿಯನ್ನು ಯಾರಾದರೂ ಪ್ರಶ್ನಿಸಿದರೆ ಮತ್ತೆ ನೋಡಲು ಉಳಿದಿರುವುದು ಅದೊಂದೇ.