ಕೆಲಸ ಕಡಿಮೆ ಇರುವ ಕಾಲದಲ್ಲಿ ನೆಟ್‌ವರ್ಕಿಂಗ್ ಪ್ರಮಾಣಪತ್ರ: ಹಣ ಹಾಕುವ ಮೊದಲು, ಹಾಕಿದ ಮೇಲೆ

ಕ್ಯಾಂಪಸ್ ಸಂದರ್ಶನ ಮುಂದಕ್ಕೆ ಹೋಯಿತು ಎಂಬ ಸುದ್ದಿ ಬರುವುದೇ ತಡ, ತರಬೇತಿ ಸಂಸ್ಥೆಗಳ ಫೋನ್ ಕರೆ ಶುರುವಾಗುತ್ತದೆ. ಕೊಡಗಿನ ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಮಕ್ಕಳ ಮನೆಗಳಲ್ಲಿ ಆಗ ಒಂದೇ ಪ್ರಶ್ನೆ: ಈ ವರ್ಷದ ಕಾಫಿ ದುಡ್ಡಿನಲ್ಲಿ ಸ್ವಲ್ಪ ಎತ್ತಿಟ್ಟು ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೊ ಕಂಪನಿಯ ಆರಂಭಿಕ ಹಂತದ ಪ್ರಮಾಣಪತ್ರವಾದ ಸಿಸಿಎನ್‌ಎ ಮಾಡಿಸಿದರೆ ಕೆಲಸ ಸಿಗುತ್ತದೆಯೇ? ಪ್ರಮಾಣಪತ್ರವೊಂದೇ ಯಾರಿಗೂ ಕೆಲಸ ಕೊಡಿಸುವುದಿಲ್ಲ. ಆದರೆ ಒಂದೊಂದು ಹುದ್ದೆಗೂ ರಾಶಿ ರಾಶಿ ಅರ್ಜಿ ಬೀಳುವಾಗ ಮೊದಲ ಜರಡಿಯಲ್ಲಿ ನಿಮ್ಮ ಹೆಸರು ಉಳಿಯಲು ಅದು ಸಹಾಯ ಮಾಡುತ್ತದೆ. ಅಲ್ಲಿಂದ ಮುಂದೆ ಕೈಗೆ ಹತ್ತಿದ ಕೌಶಲವೇ ಮಾತನಾಡಬೇಕು.

ಕೈ ಬಿಗಿಯಾದಾಗ ಕಂಪನಿಗಳು ಮೊದಲು ನಿಲ್ಲಿಸುವುದು ಹೊಸ ಯೋಜನೆಗಳನ್ನು. ಈಗಾಗಲೇ ಇರುವ ಕಂಪ್ಯೂಟರ್ ಜಾಲವನ್ನು (ನೆಟ್‌ವರ್ಕ್) ನಿಲ್ಲಿಸಲು ಬರುವುದಿಲ್ಲ. ಬ್ಯಾಂಕಿನ ಶಾಖೆಯೂ ಆಸ್ಪತ್ರೆಯೂ ಅದರ ಮೇಲೆಯೇ ನಡೆಯಬೇಕು. ಆದ್ದರಿಂದ ಜಾಲ ವಿನ್ಯಾಸದ ಹುದ್ದೆಗಳು ಕರಗಿದರೂ ಪಾಳಿಯಲ್ಲಿ ಕುಳಿತು ಜಾಲವನ್ನು ಕಾಯುವವರು, ಸ್ಥಳಕ್ಕೆ ಹೋಗಿ ಸರಿಪಡಿಸುವವರು ಬೇಕೇ ಬೇಕು. ಇಂಥ ಕೆಲಸ ಬಹಳಷ್ಟು ಹೊರಗುತ್ತಿಗೆಗೆ ಹೋಗುತ್ತದೆ. ಸಿಸ್ಕೊದಂತಹ ತಯಾರಕರ ಪಾಲುದಾರ ಕಂಪನಿಗಳು ತಮ್ಮ ದರ್ಜೆ ಉಳಿಸಿಕೊಳ್ಳಲು ಪ್ರಮಾಣಪತ್ರವಿರುವ ಸಿಬ್ಬಂದಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ. ಕಾಗದಕ್ಕೆ ನಿಜವಾದ ಬೆಲೆ ಇರುವುದು ಇಲ್ಲಿ.

ಮೊದಲು ಜಾಹೀರಾತು, ಆಮೇಲೆ ಪುಸ್ತಕ

ಬೆಂಗಳೂರು, ಮೈಸೂರು, ಮಂಗಳೂರಿನ ಉದ್ಯೋಗ ಪ್ರಕಟಣೆಗಳನ್ನು ಒಂದು ವಾರ ಕುಳಿತು ಓದಿ. ಹೊಸಬರಿಗೆಂದು ಕರೆದಿರುವ ಹುದ್ದೆಗಳನ್ನು ಮಾತ್ರ ಆರಿಸಿ, ಅವುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಮಾಣಪತ್ರದ ಹೆಸರನ್ನು ಬರೆದಿಟ್ಟುಕೊಳ್ಳಿ. ಹೆಚ್ಚಿನವರಿಗೆ ಉತ್ತರ ಸಿಸಿಎನ್‌ಎ ಆಗಿರುತ್ತದೆ. ಇದರ ಈಗಿನ ಪರೀಕ್ಷೆ 200-301. ಅವಧಿ 120 ನಿಮಿಷ, ಶುಲ್ಕ 300 ಡಾಲರ್ ಮತ್ತು ತೆರಿಗೆ. ಬರೆಯಲು ಇಂಥದ್ದೇ ಪದವಿ ಇರಬೇಕೆಂಬ ನಿಯಮವಿಲ್ಲ. ಡಿಪ್ಲೊಮಾ ಮಾಡಿದವರೂ ಬಿ.ಕಾಂ. ಓದಿದವರೂ ಬರೆಯಬಹುದು. ಪ್ರಮಾಣಪತ್ರ ಕೊಡುವ ಇನ್ನೊಂದು ಸಂಸ್ಥೆಯಾದ ಕಾಂಪ್‌ಟಿಯಾದ ನೆಟ್‌ವರ್ಕ್ ಪ್ಲಸ್ ಯಾವ ತಯಾರಕರಿಗೂ ಅಂಟಿಕೊಳ್ಳದ ಒಳ್ಳೆಯ ಪಠ್ಯವೇ. ಆದರೆ ಎರಡಕ್ಕೂ ಒಟ್ಟಿಗೆ ದುಡ್ಡು ಸುರಿಯಬೇಡಿ. ಅನುಭವವಿಲ್ಲದೆ ನೇರವಾಗಿ ಸಿಸ್ಕೊದ ಮೇಲಿನ ಹಂತವಾದ ಸಿಸಿಎನ್‌ಪಿಗೆ ಹಾರುವುದೂ ಬೇಡ. ಮೇಲ್ಮಟ್ಟದ ಕಾಗದ ಹಿಡಿದು ಬಂದ ಹೊಸಬರಿಗೆ ಸಂದರ್ಶನದಲ್ಲಿ ಮೇಲ್ಮಟ್ಟದ ಪ್ರಶ್ನೆಗಳೇ ಎದುರಾಗುತ್ತವೆ.

ತರಬೇತಿಗೆಂದು ಸಾಲ ಮಾಡಬೇಡಿ. ಉದ್ಯೋಗ ಖಾತರಿ ಎನ್ನುವವರಿಂದ ಅದನ್ನು ಬರಹದಲ್ಲಿ ಕೇಳಿ.

ಹೋಮ್‌ಸ್ಟೇಯನ್ನೇ ಪ್ರಯೋಗಾಲಯ ಮಾಡಿಕೊಳ್ಳಿ

ಕಲಿಕೆಯ ಹೆಚ್ಚಿನ ಸಮಯ ಇಲ್ಲಿಗೆ ಹೋಗಬೇಕು. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಜಾಲವನ್ನು ಕಂಪ್ಯೂಟರಿನಲ್ಲೇ ಕಟ್ಟಿ ನೋಡುವ ತಂತ್ರಾಂಶ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಒಮ್ಮೆ ಇಳಿಸಿಕೊಂಡರೆ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸ್ವಿಚ್, ರೂಟರ್‌ಗಳನ್ನು ಜೋಡಿಸಿ ಅಭ್ಯಾಸ ಮಾಡಬಹುದು. ಮುಂಗಾರಿನಲ್ಲಿ ನೆಟ್ ಕೈಕೊಟ್ಟರೂ ಜೋಡಿಸಿಟ್ಟ ಪ್ರಯೋಗ ನಿಲ್ಲುವುದಿಲ್ಲ.

ಊರಿನ ಒಂದು ಹೋಮ್‌ಸ್ಟೇಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಲ್ಲಿ ಮಾಲೀಕರ ಕಚೇರಿಯ ಕಂಪ್ಯೂಟರ್, ಅತಿಥಿಗಳ ವೈಫೈ, ಗೇಟು ಮತ್ತು ಕಾಫಿ ಕಣದ ಸಿಸಿ ಕ್ಯಾಮೆರಾ ಎಲ್ಲವೂ ಒಂದೇ ಜಾಲದಲ್ಲಿದ್ದರೆ ಅತಿಥಿಯ ಮೊಬೈಲಿನಿಂದ ಕ್ಯಾಮೆರಾಗಳನ್ನು ತಲುಪಬಹುದು. ಇದನ್ನು ಮೂರು ವಿಎಲ್‌ಎಎನ್‌ಗಳಾಗಿ, ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆಯಾಗಿ ನಡೆಯುವ ಜಾಲಗಳಾಗಿ, ಒಡೆದು ಸಂಖ್ಯೆ ಕೊಡಿ: ಕಚೇರಿಗೆ 10, ಅತಿಥಿಗಳಿಗೆ 20, ಕ್ಯಾಮೆರಾಗಳಿಗೆ 30. ಅತಿಥಿಗಳ ಕಡೆ 40 ಉಪಕರಣಗಳು ಬರಬಹುದು ಎಂದುಕೊಳ್ಳಿ. ಜಾಲದ ಗಾತ್ರವನ್ನು /27, /26 ಎಂದು ಬರೆಯುತ್ತಾರೆ. /27 ಜಾಲದಲ್ಲಿ 30 ವಿಳಾಸಗಳಷ್ಟೇ ಬಳಕೆಗೆ ಸಿಗುತ್ತವೆ, ಅದು ಸಾಲದು. /26 ಕೊಟ್ಟರೆ 62 ಸಿಗುತ್ತವೆ. ಜಾಲವನ್ನು ತುಂಡು ಮಾಡುವ ಈ ಸಬ್‌ನೆಟ್ ಲೆಕ್ಕವನ್ನು ಹೀಗೆ ಒಂದು ಅಗತ್ಯದ ಜೊತೆ ಕಲಿತರೆ ಅದು ಮರೆಯುವುದಿಲ್ಲ. ಆಮೇಲೆ ಉಪಕರಣಗಳಿಗೆ ತಾನಾಗಿ ವಿಳಾಸ ಕೊಡುವ ಡಿಎಚ್‌ಸಿಪಿಯಿಂದ ವಿಳಾಸ ಹಂಚಿಸಿ, ಒಂದೇ ರೂಟರಿನ ಮೂಲಕ ಮೂರು ಜಾಲಗಳನ್ನೂ ಹೊರಕ್ಕೆ ಬಿಡಿ, 20ರಿಂದ 30ಕ್ಕೆ ಹೋಗುವ ದಾರಿಯನ್ನು ಎಸಿಎಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿ) ಬರೆದು ಮುಚ್ಚಿ. ಅತಿಥಿಯ ಕಂಪ್ಯೂಟರಿನಿಂದ ಕ್ಯಾಮೆರಾಗೆ ಪಿಂಗ್ ಮಾಡಿದಾಗ, ಅಂದರೆ ಸಂಪರ್ಕವಿದೆಯೇ ಎಂದು ಕೇಳಿ ನೋಡಿದಾಗ, ಉತ್ತರ ಬರಬಾರದು, ಇಂಟರ್ನೆಟ್ ಮಾತ್ರ ಸಿಗಬೇಕು.

ಎಲ್ಲವೂ ನಡೆದ ಮೇಲೆ ಬೇಕೆಂದೇ ಕೆಡಿಸಿ. ಹಲವು ವಿಎಲ್‌ಎಎನ್‌ಗಳನ್ನು ಒಟ್ಟಿಗೆ ಸಾಗಿಸುವ ಟ್ರಂಕ್ ಪೋರ್ಟಿನಲ್ಲಿ ಅನುಮತಿ ಪಡೆದ ವಿಎಲ್‌ಎಎನ್‌ಗಳ ಪಟ್ಟಿಗೆ ಹೊಸದೊಂದನ್ನು ಸೇರಿಸುವಾಗ ‘ಆಡ್’ (add) ಎಂಬ ಪದವನ್ನು ಬಿಟ್ಟು ಆದೇಶ ಕೊಟ್ಟು ನೋಡಿ. ಹಳೆಯ ಪಟ್ಟಿ ಅಳಿಸಿಹೋಗಿ ಹೊಸದು ಮಾತ್ರ ಉಳಿಯುತ್ತದೆ, ಉಳಿದ ಜಾಲಗಳು ಆ ಕ್ಷಣದಲ್ಲೇ ಕಡಿದುಹೋಗುತ್ತವೆ. ನಿಜವಾದ ಕಚೇರಿಗಳಲ್ಲೂ ಆಗುವ ಅವಘಡವಿದು. ಲಕ್ಷಣದಿಂದ ಕಾರಣಕ್ಕೆ ಹೋಗುವ ಈ ಅಭ್ಯಾಸವನ್ನೇ ಸಂದರ್ಶನ ಮಾಡುವವರು ಹುಡುಕುತ್ತಾರೆ. ಪ್ರತಿ ಪ್ರಯೋಗದ ಚಿತ್ರ, ಆದ ತೊಂದರೆ, ಕಂಡುಕೊಂಡ ಪರಿಹಾರವನ್ನು ಅರ್ಧ ಪುಟದಲ್ಲಿ ಬರೆದಿಡಿ. ಅನುಭವದ ಕಾಲಂ ಖಾಲಿ ಇರುವವರಿಗೆ ತೋರಿಸಲು ಅದೇ ಆಸ್ತಿ. ಸೋರಿಕೆಯಾದ ಪ್ರಶ್ನೆಗಳ ಸಂಗ್ರಹ ಕೊಂಡು ಬಾಯಿಪಾಠ ಮಾಡಿದವರು ಇಂಥ ಎರಡನೇ ಪ್ರಶ್ನೆಗೇ ನಿಂತುಬಿಡುತ್ತಾರೆ. ಸಿಕ್ಕಿಬಿದ್ದರೆ ಪ್ರಮಾಣಪತ್ರವೂ ರದ್ದಾಗುತ್ತದೆ.

ಸಿಸಿಎನ್‌ಎ ಪಠ್ಯದಲ್ಲಿ ಅತಿ ಹೆಚ್ಚು ತೂಕ, ಶೇಕಡಾ 25, ಜಾಲದಿಂದ ಜಾಲಕ್ಕೆ ದಾರಿ ತೋರುವ ಐಪಿ ಸಂಪರ್ಕ ಭಾಗಕ್ಕಿದೆ. ಭದ್ರತೆಗೆ 15, ಯಾಂತ್ರೀಕರಣಕ್ಕೆ 10. ಕೊನೆಯದನ್ನು ಬಿಟ್ಟುಬಿಡುವ ಚಾಳಿ ಇದೆ, ಬಿಡಬೇಡಿ.

ಪರೀಕ್ಷೆಯ ದಿನ

ಮನೆಯಿಂದಲೇ ಕ್ಯಾಮೆರಾ ಮುಂದೆ ಕುಳಿತು ಬರೆಯುವ ಅವಕಾಶವಿದೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಆರಿಸಬೇಡಿ. ಮರ ಬಿದ್ದು ಕರೆಂಟ್ ಹೋಗಿ, ಟವರ್ ಕೂಡ ನಿಂತು ಸಂಪರ್ಕ ಕಡಿದರೆ ಪರೀಕ್ಷೆಯೇ ಕೆಡಬಹುದು. ನಗರದ ಪರೀಕ್ಷಾ ಕೇಂದ್ರವನ್ನು ಆರಿಸಿ, ಹಿಂದಿನ ದಿನವೇ ಹೋಗಿ ಉಳಿಯಿರಿ. ರೈಲಿಲ್ಲದ ನಮ್ಮ ಜಿಲ್ಲೆಯಿಂದ ಬೆಳಗಿನ ಬಸ್ಸನ್ನು ನಂಬಿ ಹೊರಡುವುದು ಬೇಡ. ಕಾಫಿ ಕೊಯ್ಲಿಗೆ ಮನೆಯವರೆಲ್ಲ ತೋಟಕ್ಕೆ ಇಳಿಯುವ ಮೊದಲು, ಅಕ್ಟೋಬರ್‌ನಲ್ಲಿ ಬರೆಯುವುದು ಅನುಕೂಲ. ಉತ್ತರಿಸಿ ಮುಂದೆ ಹೋದ ಪ್ರಶ್ನೆಗೆ ಮರಳಲು ಸಿಸಿಎನ್‌ಎಯಲ್ಲಿ ಅವಕಾಶವಿಲ್ಲ. ಅನುತ್ತೀರ್ಣರಾದರೆ ಮತ್ತೆ ಪೂರ್ತಿ ಶುಲ್ಕ ಕಟ್ಟಬೇಕು. ಆದ್ದರಿಂದ ಅಣಕು ಪರೀಕ್ಷೆಗಳಲ್ಲಿ ನಿರಾಯಾಸವಾಗಿ ಗೆಲ್ಲುವವರೆಗೂ ದಿನಾಂಕ ಗೊತ್ತುಮಾಡಬೇಡಿ.

ಕರೆ ಬರುವ ತನಕ

ಪಾಸಾದ ಮರುದಿನ ಕೆಲಸ ಸಿಗದಿರಬಹುದು. ಆ ತಿಂಗಳುಗಳನ್ನು ಖಾಲಿ ಬಿಡಬೇಡಿ. ಊರಿನ ಕೇಬಲ್ ಆಪರೇಟರ್, ಫೈಬರ್ ಜೋಡಿಸುವ ಗುತ್ತಿಗೆದಾರರು, ರೆಸಾರ್ಟ್‌ಗಳು ಎಲ್ಲರಿಗೂ ಈ ಕೆಲಸ ಬಲ್ಲವರ ಅಗತ್ಯವಿದೆ. ಸಂಬಳ ಸಣ್ಣದಿದ್ದರೂ ಒಪ್ಪಿಕೊಳ್ಳಿ, ಮಾಡಿದ ಕೆಲಸಕ್ಕೆ ಪತ್ರ ಪಡೆಯಿರಿ. ಮಳೆಯಲ್ಲಿ ಕಡಿದ ಫೈಬರ್ ಹುಡುಕಿ ಜೋಡಿಸಿದ ಅನುಭವವಿರುವವರನ್ನು ಫೀಲ್ಡ್ ಎಂಜಿನಿಯರ್ ಹುದ್ದೆಗೆ ತೆಗೆದುಕೊಳ್ಳಲು ಯಾವ ಕಂಪನಿಯೂ ಹಿಂಜರಿಯಬಾರದು ಎಂದೇ ನನ್ನ ನಂಬಿಕೆ.

ಸಿಸಿಎನ್‌ಎಗೆ 3 ವರ್ಷಗಳ ಆಯುಷ್ಯ. ಅವಧಿ ಮುಗಿಯುವ ಮೊದಲು ಅದೇ ಪರೀಕ್ಷೆಯನ್ನೋ ಮೇಲಿನ ಹಂತದ್ದನ್ನೋ ಪಾಸಾಗಬೇಕು, ಇಲ್ಲವೇ ಸಿಸ್ಕೊ ಒಪ್ಪುವ ತರಬೇತಿಗಳಿಂದ ಮುಂದುವರಿದ ಶಿಕ್ಷಣದ 30 ಅಂಕಗಳನ್ನು ಗಳಿಸಬೇಕು. ಅಷ್ಟರಲ್ಲಿ ಕೆಲಸದಲ್ಲಿದ್ದರೆ ಸಿಸಿಎನ್‌ಪಿಯ ಮುಖ್ಯ (ಕೋರ್) ಪರೀಕ್ಷೆ ಬರೆಯುವುದು ಲಾಭ. ಹಳೆಯದೂ ನವೀಕರಣವಾಗುತ್ತದೆ, ಅದರ ಶುಲ್ಕವನ್ನು ಕಂಪನಿ ಭರಿಸುತ್ತದೆಯೇ ಎಂದು ಕೇಳಲೂಬಹುದು.