ಫೋಟೊ ಚೆನ್ನಾಗಿ ಬರಬೇಕೆ? ಮೊದಲು ಏನು ಬಿಡಬೇಕು ನೋಡಿ

ಫೋನ್ ಹೊಸದು, ಕ್ಯಾಮೆರಾ ಐವತ್ತು ಮೆಗಾಪಿಕ್ಸೆಲ್. ಆದರೂ ಲಕ್ಕುಂಡಿಗೆ ಹೋಗಿ ಬಂದವರ ಗ್ಯಾಲರಿ ತೆರೆದರೆ ಸಿಗುವುದು ಒಂದೇ ನಮೂನೆಯ ಚಿತ್ರ: ಇಡೀ ಗುಡಿ, ಅದರ ಮುಂದೆ ಇಡೀ ಬಳಗ, ಮೇಲೆ ಬಿಳಿಚಿಕೊಂಡ ಆಕಾಶ, ಕೆಳಗೆ ಯಾರದ್ದೋ ನೀರಿನ ಬಾಟಲಿ. ಮುಖವೂ ಸರಿಯಾಗಿ ಕಾಣುವುದಿಲ್ಲ, ಕೆತ್ತನೆಯೂ ಕಾಣುವುದಿಲ್ಲ. ಎಲ್ಲವೂ ಒಂದೇ ಫೋಟೊದಲ್ಲಿ ಬರಲಿ ಅಂತ ಹೊರಟರೆ ಹೀಗೇ ಆಗುವುದು. ನನ್ನನ್ನು ಕೇಳಿದರೆ ಒಳ್ಳೆ ಫೋಟೊಕ್ಕೆ ಬೇಕಾದ್ದು ಏನನ್ನು ಬಿಡಬೇಕು ಅನ್ನುವ ತೀರ್ಮಾನ, ಮತ್ತೆ ಬೆಳಕಿಗಾಗಿ ಒಂದಿಷ್ಟು ಕಾಯುವ ತಾಳ್ಮೆ. ಎರಡಕ್ಕೂ ದುಡ್ಡು ಬೇಕಿಲ್ಲ.

ಫೋನ್ ಎತ್ತುವ ಮೊದಲು

ಮೊದಲ ಕೆಲಸ ಲೆನ್ಸ್ ಒರೆಸುವುದು. ನಗಬೇಡಿ. ದಿನವಿಡೀ ಕಿಸೆಯಲ್ಲಿ, ಕೈಯಲ್ಲಿ ಓಡಾಡುವ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ರಾತ್ರಿ ದೀಪಗಳ ಸುತ್ತ ಉದ್ದುದ್ದ ಗೆರೆ ಬರುವುದು, ಬಿಸಿಲಿಗೆ ಎದುರಾಗಿ ತೆಗೆದದ್ದು ಮಂಜು ಮಂಜಾಗುವುದು ಎಷ್ಟೋ ಸಲ ಅದರಿಂದಲೇ. ಮೆತ್ತನೆಯ ಹತ್ತಿ ಬಟ್ಟೆ ಸಾಕು.

ಆಮೇಲೆ ಮನಸ್ಸಿನಲ್ಲೇ ಕೇಳಿಕೊಳ್ಳಿ: ಇದು ಯಾವುದರ ಫೋಟೊ? ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ‘ದುರ್ಗದ ಬೈಲಿನ ಸಂಜೆ’ ಅಂತ ಉತ್ತರ ಬಂದರೆ ಇನ್ನೂ ಸಾಲದು. ‘ಗಿರ್ಮಿಟ್ ಕಲಸುವ ಕೈ’ ಅಂತ ಬಂದರೆ ಅರ್ಧ ಕೆಲಸ ಮುಗಿಯಿತು, ಯಾಕೆಂದರೆ ಈಗ ಏನು ಬೇಡ ಅನ್ನುವುದೂ ಗೊತ್ತಾಯಿತು: ಪಕ್ಕದ ಬೈಕು ಬೇಡ, ಅಂಗಡಿ ಬೋರ್ಡು ಬೇಡ, ಮೇಲಿನ ವೈರುಗಳು ಬೇಡ. ಎರಡು ಹೆಜ್ಜೆ ಮುಂದೆ ಹೋಗಿ. ಬೆರಳಿನಿಂದ ಸಿಕ್ಕಾಪಟ್ಟೆ ಝೂಮ್ ಎಳೆದರೆ ಫೋನ್ ಹೆಚ್ಚಿನ ಸಲ ಮಾಡುವುದು ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ದೊಡ್ಡದು ಮಾಡುವ ಕೆಲಸ. ಅದನ್ನು ಮನೆಗೆ ಬಂದ ಮೇಲೂ ಮಾಡಬಹುದಲ್ವಾ?

ಒತ್ತುವ ಮೊದಲು ನಾಲ್ಕೂ ಮೂಲೆಗಳನ್ನು ಒಮ್ಮೆ ನೋಡಿ. ಅಕ್ಕನ ತಲೆಯಿಂದ ಲೈಟ್ ಕಂಬ ಎದ್ದು ಬಂದಂತೆ ಕಾಣುವ ಫೋಟೊಗಳೆಲ್ಲ ಈ ಎರಡು ಸೆಕೆಂಡ್ ಉಳಿಸಲು ಹೋಗಿ ಹುಟ್ಟಿದವು. ಒಂದು ಹೆಜ್ಜೆ ಎಡಕ್ಕೆ ಸರಿದರೆ ಕಂಬ ಹೋಗುತ್ತದೆ.

ಬೆಳಕು: ಇಲ್ಲಿ ಮಾತ್ರ ಅವಸರ ಬೇಡ

ನಡು ಮಧ್ಯಾಹ್ನ ಸೂರ್ಯ ನೆತ್ತಿ ಮೇಲಿದ್ದಾಗ ಮನುಷ್ಯರ ಕಣ್ಣಿನ ಕುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಬಿಸಿಲು ನೇರ ಎದುರಿಗೆ ಬಿದ್ದ ಕಲ್ಲಿನ ಗೋಡೆ ಚಪ್ಪಟೆಯಾಗುತ್ತದೆ. ಬೆಳಗ್ಗೆ ಎಂಟರ ಒಳಗೆ, ಸಂಜೆ ಐದರ ಮೇಲೆ ಬಿಸಿಲು ಓರೆಯಾಗಿ ಬರುತ್ತದೆ. ಕೆತ್ತನೆಯ ಒಂದೊಂದು ಉಬ್ಬೂ ತನ್ನ ಪಕ್ಕ ಒಂದು ನೆರಳು ಬೀಳಿಸಿದಾಗ ಮಾತ್ರ ಅದರ ಆಳ ಫೋಟೊದಲ್ಲಿ ಕಾಣುವುದು.

ಹಾಗಾಗಿ ಗುಡಿಗೆ ಹೋಗುವ ಮೊದಲು ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ತಿಳಿದುಕೊಳ್ಳಿ. ನಮ್ಮ ಕಡೆಯ ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ, ಬೆಳಗ್ಗೆ ಹೋದರೆ ಮುಂಭಾಗಕ್ಕೆ ಬೆಳಕು ಸಿಗುತ್ತದೆ. ಹಾವೇರಿಯ ಸಿದ್ಧೇಶ್ವರ ಗುಡಿ ಮಾತ್ರ ಪಶ್ಚಿಮಕ್ಕೆ ಮುಖ ಮಾಡಿದೆ. ಅಲ್ಲಿಗೆ ಸಂಜೆ ಹೋಗಬೇಕು. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ದಕ್ಷಿಣದ ಬಾಗಿಲಿನ ಕೆತ್ತನೆ ನೋಡಿದ್ದೀರಲ್ಲ, ಎಷ್ಟು ಹೊತ್ತು ನೋಡಿದರೂ ಮುಗಿಯದಷ್ಟು ಕುಸುರಿ? ಅದಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬೆಳಗಿನ ಬಿಸಿಲು ಆ ಕಡೆಯ ಗೋಡೆಗಳನ್ನು ಸವರಿಕೊಂಡು ಹೋಗುತ್ತದೆ. ಜೂನ್‌ನಲ್ಲಿ ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ಕೂಡ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ, ದಕ್ಷಿಣದ ಗೋಡೆ ನೆರಳಲ್ಲೇ ಉಳಿಯುತ್ತದೆ. ಗದಗಿನಿಂದ ಲಕ್ಕುಂಡಿ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ, ಬೇಗ ಎದ್ದರೆ ಆಯಿತು.

ಕಾಯುವುದು ಹೊಸದೇನಲ್ಲ. ಬಿಗ್ಸ್, ಪಿಗೌ ಎಂಬ ಬ್ರಿಟಿಷ್ ಅಧಿಕಾರಿಗಳು 1850ರ ದಶಕದಲ್ಲೇ ಧಾರವಾಡ ಸೀಮೆಯ ಗುಡಿಗಳ ಫೋಟೊ ತೆಗೆದಿದ್ದರು. ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಆಗ ಕ್ಯಾಮೆರಾ ಅಂದರೆ ಮರದ ಪೆಟ್ಟಿಗೆ. ಸುಮ್ನೆ ಹತ್ತು ಸಲ ಒತ್ತಿ ನೋಡೋಣ ಅನ್ನುವ ಹಾಗಿರಲಿಲ್ಲ, ಎಲ್ಲಿ ನಿಲ್ಲಬೇಕು, ಬೆಳಕು ಯಾವಾಗ ಬರುತ್ತದೆ ಎಲ್ಲವನ್ನೂ ಮೊದಲೇ ಯೋಚಿಸಬೇಕಿತ್ತು.

ಮಧ್ಯಾಹ್ನ ಬಿಟ್ಟು ಬೇರೆ ಹೊತ್ತು ಸಿಗುವುದೇ ಇಲ್ಲ ಅಂದರೆ? ನೆರಳಿಗೆ ಬನ್ನಿ. ಮರದ ಕೆಳಗೆ, ಪಡಸಾಲೆಯ ಅಂಚಿನಲ್ಲಿ, ಬಾಗಿಲಿನ ಒಳಗೆ ನಿಲ್ಲಿಸಿ. ಧಾರವಾಡದ ಮಳೆಗಾಲದ ಮೋಡವನ್ನಂತೂ ಬೈಯಲೇಬೇಡಿ, ಮುಖದ ಫೋಟೊಕ್ಕೆ ಅದಕ್ಕಿಂತ ಮೆತ್ತನೆಯ ಬೆಳಕು ಇಲ್ಲ. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಅವ್ವನ ಫೋಟೊ ಬೇಕೆಂದರೆ ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಅವರ ಪಕ್ಕಕ್ಕೆ ಬರುವಂತೆ ನೀವು ನಿಂತುಕೊಳ್ಳಿ. ಜೋಳದ ಹಿಟ್ಟಿನ ಧೂಳು ಕೂಡ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಇದೆಲ್ಲ ಹಾಳು.

ಕಪ್ಪು ಕಲ್ಲು, ಬಿಳಿ ಧೋತ್ರ, ಕೆಂಪು ಮೆಣಸಿನಕಾಯಿ

ಫೋನಿಗೆ ಎದುರಿಗೆ ಇರುವುದು ಏನು ಅಂತ ಪೂರ್ತಿ ಗೊತ್ತಾಗುವುದಿಲ್ಲ. ಬೆಳಕನ್ನು ಅಳೆದು, ಎಲ್ಲವನ್ನೂ ತೀರ ಕಪ್ಪೂ ಅಲ್ಲದ ತೀರ ಬಿಳಿಯೂ ಅಲ್ಲದ ನಡುವಿನ ಬೂದು ಬಣ್ಣದ ಹತ್ತಿರಕ್ಕೆ ತರಲು ನೋಡುತ್ತದೆ. ಅದಕ್ಕೇ ಗುಡಿಯ ಒಳಗಿನ ಕಪ್ಪು ಕಂಬ ಫೋಟೊದಲ್ಲಿ ಬೂದಿ ಬಳಿದಂತೆ ಬರುತ್ತದೆ, ಅಜ್ಜನ ಬಿಳಿ ಧೋತ್ರ ಒಗೆಯದೇ ಇದ್ದದ್ದರಂತೆ ಮಂಕಾಗುತ್ತದೆ. ಇದಕ್ಕೆ ಮದ್ದು ಸುಲಭ. ಪರದೆಯ ಮೇಲೆ ನಿಮಗೆ ಬೇಕಾದ ಜಾಗವನ್ನು ಮುಟ್ಟಿ. ಪಕ್ಕದಲ್ಲಿ ಒಂದು ಸೂರ್ಯನ ಗುರುತು ಬರುತ್ತದೆ, ಅದನ್ನು ಕೆಳಗೆ ಎಳೆದರೆ ಚಿತ್ರ ಕಪ್ಪಾಗುತ್ತದೆ, ಮೇಲೆ ಎಳೆದರೆ ಬೆಳ್ಳಗಾಗುತ್ತದೆ. ಕಪ್ಪು ಕಲ್ಲಿಗೆ ಕೆಳಗೆ, ಬಿಳಿ ಬಟ್ಟೆಗೆ ಸ್ವಲ್ಪ ಮೇಲೆ. ಮುಟ್ಟಿದ ಜಾಗದಲ್ಲಿ ಬೆರಳನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಈ ಸೂರ್ಯನ ಗುರುತು ಇನ್ನೂ ಜಾಸ್ತಿ ಕೆಲಸಕ್ಕೆ ಬರುತ್ತದೆ. ಮೆಣಸಿನಕಾಯಿ ರಾಶಿಯನ್ನು ಬಿಸಿಲಲ್ಲಿ ಹಾಗೇ ತೆಗೆದರೆ ಕೆಂಪು ಬಣ್ಣ ಉಕ್ಕಿ, ಎಲ್ಲವೂ ಕಲಸಿ ಒಂದೇ ಕೆಂಪು ಮುದ್ದೆಯಾಗಿ ಕಾಣುತ್ತದೆ. ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು, ಅದೇ ಕಾಣದಿದ್ದರೆ ಏನು ಬಂತು? ಬೆಳಕು ಇಳಿಸಿ, ರಾಶಿಯ ಮಗ್ಗುಲಿನಿಂದ ತೆಗೆಯಿರಿ.

ಜನರ ಫೋಟೊ

ಕೇಳಿ ತೆಗೆಯಿರಿ. “ಅಜ್ಜಾರ, ಒಂದ್ ಫೋಟೊ ತಗೋಲೇನ್ರಿ?” ಅಂದರೆ ಎಷ್ಟೋ ಜನ “ಯಾಕಪಾ, ಪೇಪರ್‌ನ್ಯಾಗ ಹಾಕ್ತೀಯೇನ?” ಅಂತ ನಗುತ್ತಾರೆ. ಬೇಡ ಅಂದರೆ ಕೈಮುಗಿದು ಮುಂದೆ ಹೋಗಿ. ಒಪ್ಪಿದ ಕೂಡಲೇ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಆ ಫೋಟೊ ತೆಗೆದು ಅವರಿಗೆ ತೋರಿಸಿಬಿಡಿ. ಆಮೇಲೆ ಮಳೆ ಬೆಳೆ ಮಾತಾಡುತ್ತಾ ನಿಂತರೆ ಅವರು ಮತ್ತೆ ತಮ್ಮ ಕೆಲಸಕ್ಕೆ ತಿರುಗುತ್ತಾರೆ. ನಿಮಗೆ ಬೇಕಾದ ಮುಖ ಆಗ ಸಿಗುತ್ತದೆ.

ಫೋನಿನ ಮಾಮೂಲಿ ಲೆನ್ಸ್ ಅಗಲ ನೋಟದ್ದು. ಮುಖದ ತೀರ ಹತ್ತಿರ ಹಿಡಿದರೆ ಮೂಗು ದಪ್ಪ, ಕಿವಿ ಸಣ್ಣ. ನಾಲ್ಕೈದು ಅಡಿ ಹಿಂದೆ ಸರಿದು 2× ಒತ್ತಿ, ಅಷ್ಟು ಝೂಮ್ ಪರವಾಗಿಲ್ಲ. ಮಕ್ಕಳಾದರೆ ಕುಕ್ಕರುಗಾಲಲ್ಲಿ ಕೂತು ಅವರ ಕಣ್ಣಿನ ಎತ್ತರಕ್ಕೆ ಬನ್ನಿ.

ಓಡುವುದು, ಉದ್ದ ಇರುವುದು, ದೂರ ಇರುವುದು

ದೀಪಾವಳಿ ಆದ ಮೇಲೆ ಹಾವೇರಿ ಕಡೆ ಕೊಬ್ಬರಿ ಹೋರಿ ಓಡಿಸುತ್ತಾರಲ್ಲ, ಅಲ್ಲಿ ಒಂದೊಂದೇ ಒತ್ತಿದರೆ ಬಾಲ ಮಾತ್ರ ಸಿಗುತ್ತದೆ. ಒಂದೇ ಸಲಕ್ಕೆ ಸಾಲಾಗಿ ಹಲವು ಫೋಟೊ ತೆಗೆಯುವ ಬರ್ಸ್ಟ್ ಹಾಕಿ. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್ ಇದ್ದರೆ ಶಟರ್, ಅಂದರೆ ಬೆಳಕು ಒಳಗೆ ಬರುವ ಹೊತ್ತು, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ (1/1000) ಇಡಿ. ಬೇಲಿಯ ಆಚೆಯಿಂದಲೇ ತೆಗೆಯಿರಿ.

ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಉದ್ದದ್ದು. ಬರೀ ನಿಂತು ತೆಗೆದರೆ ಯಾವ ಊರಿನ ಪ್ಲಾಟ್‌ಫಾರ್ಮ್ ಆದರೂ ಹಾಗೇ ಕಾಣುತ್ತದೆ. ಉದ್ದ ಕಾಣಬೇಕೆಂದರೆ ಅಳತೆಗೆ ಏನಾದರೂ ಬೇಕು: ಹತ್ತಿರ ಒಬ್ಬರು, ನಡುವೆ ಒಬ್ಬರು, ದೂರದಲ್ಲಿ ಇರುವೆಯಷ್ಟು ಸಣ್ಣಗೆ ಇನ್ನೊಬ್ಬರು. ಹಳಿಗೆ ಮಾತ್ರ ಇಳಿಯಬೇಡಿ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಫೋನಿನಲ್ಲಿ ಹಕ್ಕಿಯ ಕಣ್ಣು ತೆಗೆಯುವ ಆಸೆ ಬಿಡಿ. ಬೆಳಗಿನ ನೀರು, ಅದರ ಮೇಲೆ ಸಾಲಾಗಿ ಕಪ್ಪು ಚುಕ್ಕಿಗಳು, ಅಷ್ಟೇ ಸಾಕು, ಚೆಂದ ಇರುತ್ತದೆ. ಹಾರುವ ಫೋಟೊ ಸಿಗಲಿ ಅಂತ ಚಪ್ಪಾಳೆ ಹೊಡೆದು ಎಬ್ಬಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆ ಆನ್ ಮಾಡಿಕೊಳ್ಳಿ. ಮುಖ್ಯವಾದದ್ದನ್ನು ನಟ್ಟನಡುವೆ ಇಡದೆ ಈ ಗೆರೆಗಳ ಮೇಲೆ ಇಡಬೇಕು, ಅದು ಮೂರನೇ ಒಂದು ಭಾಗದ ನಿಯಮ ಅಂತ ಎಲ್ಲರೂ ಹೇಳುತ್ತಾರೆ, ನಾನು ಗ್ರಿಡ್ ಬಳಸುವುದು ಕೆರೆಯ ಅಂಚು ಸೊಟ್ಟಗಾಗದಿರಲಿ ಅಂತ.

ತೆಗೆದಾದ ಮೇಲೆ

ಒಂದೇ ನೋಟದ ಇಪ್ಪತ್ತು ಫೋಟೊ ಇದ್ದರೆ ಎರಡು ಇಟ್ಟು ಉಳಿದದ್ದನ್ನು ಅದೇ ದಿನ ಅಳಿಸಿ. ತಿದ್ದುವುದಾದರೆ ಸೊಟ್ಟ ಸರಿಮಾಡಿ, ಅಂಚು ಕತ್ತರಿಸಿ, ಬೆಳಕು ಸ್ವಲ್ಪ ಹೊಂದಿಸಿ. ಮುಖವನ್ನು ನುಣುಪು ಮಾಡುವ ಬ್ಯೂಟಿ ಫಿಲ್ಟರ್ ಬೇಡವೇ ಬೇಡ.

ಪ್ರಿಂಟ್ ಹಾಕಿಸಲು ಸ್ಟುಡಿಯೊದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೀರಾದರೆ ಫೋಟೊ ಅಂತ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಹೋಗುತ್ತದೆ. ಇನ್ನೊಂದು ಮಾತು. ಫೋನಿನ ಫೋಟೊ ಸಾಮಾನ್ಯವಾಗಿ 4:3 ಅಳತೆಯದು, 4×6 ಇಂಚಿನ ಪ್ರಿಂಟ್ ಅದಕ್ಕಿಂತ ಉದ್ದ. ಅಡ್ಡ ಫೋಟೊ ಆದರೆ ಮೇಲೆ ಕೆಳಗೆ ಕತ್ತರಿ ಬೀಳುತ್ತದೆ. ಮದುವೆ ಮನೆಯ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ಸೋದರಮಾವನ ರುಮಾಲು ಹೋಗುವುದು ಹೀಗೆಯೇ. ತೆಗೆಯುವಾಗಲೇ ತಲೆಯ ಮೇಲೆ ಕೈಯಗಲ ಜಾಗ ಬಿಡಿ, ಬಿಟ್ಟಿರದಿದ್ದರೆ “ಕಟ್ ಮಾಡಬ್ಯಾಡ್ರಿ, ಬದಿಗೆ ಬಿಳಿ ಉಳದ್ರೂ ನಡೀತೈತಿ” ಅಂತ ಸ್ಟುಡಿಯೊದಲ್ಲಿ ಮೊದಲೇ ಹೇಳಿಬಿಡಿ.