ಬಾವಿ ಈಜಿನಿಂದ ಟ್ರಯಾಥ್ಲಾನ್‌ಗೆ

ನಾನು ಈಜು ಕಲಿತದ್ದು ತುಮಕೂರಿನ ಹತ್ತಿರ, ನಮ್ಮ ತೋಟದ ಬಾವಿಯಲ್ಲಿ. ಸೋದರಮಾವ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳಿದ್ದರು. ನಲವತ್ತೆರಡನೇ ವಯಸ್ಸಿನಲ್ಲಿ, ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ಟ್ರಯಾಥ್ಲಾನ್‌ಗೆ ಹೆಸರು ಕೊಟ್ಟಾಗ ನನ್ನ ಹತ್ತಿರ ಇದ್ದದ್ದು ಅದೇ ಈಜು. ನಾನು ಆರಿಸಿಕೊಂಡದ್ದು ಸ್ಪ್ರಿಂಟ್ ದೂರ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಲಿಂಪಿಕ್ಸ್‌ನಲ್ಲಿ ಒಬ್ಬೊಬ್ಬರೇ ಸ್ಪರ್ಧಿಸುವಾಗ ಇದರ ದುಪ್ಪಟ್ಟು. 2000ದಲ್ಲಿ ಸಿಡ್ನಿಯಲ್ಲಿ ಈ ಆಟ ಮೊದಲ ಸಲ ಸೇರಿದಾಗಿನಿಂದಲೂ ಅಷ್ಟೇ.

ಮೂರು ತಿಂಗಳು ಬರೀ ಮೈ ದಣಿಸಿದೆ. ಬೆಳಗಿನ ಜಾವ ದೇವರಾಯನದುರ್ಗದ ಏರು, ಸಂಜೆ ಓಟ. ಒಂದು ದಿನ ನಾಮದ ಚಿಲುಮೆ ಹತ್ತಿರ ನೀರು ಕುಡಿಯುತ್ತಾ ನಿಂತಿದ್ದಾಗ ಗೆಳೆಯ ಕೇಳಿದ: "ನಿಯಮ ಓದಿದ್ಯಾ?" ಓದಿರಲಿಲ್ಲ.

ನಮ್ಮ ದೇಶದಲ್ಲಿ ಈ ಆಟವನ್ನು ನೋಡಿಕೊಳ್ಳುವುದು ಇಂಡಿಯನ್ ಟ್ರಯಾಥ್ಲಾನ್ ಫೆಡರೇಷನ್. ಎಲ್ಲ ದೇಶಗಳಿಗೂ ಸೇರಿದ ನಿಯಮ ಬರೆಯುವುದು ವರ್ಲ್ಡ್ ಟ್ರಯಾಥ್ಲಾನ್. ಅದು 1989ರಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಶುರುವಾಯಿತು. ಅದರ ನಿಯಮ ಪುಸ್ತಕ ಹಿಡಿದು ಎರಡು ರಾತ್ರಿ ಕೂತೆ. ಹೆದರಿಸುವ ಪುಸ್ತಕ ಅಂದುಕೊಂಡಿದ್ದೆ. ಆದರೆ ನನಗೆ ಧೈರ್ಯ ಬಂದದ್ದೇ ಅಲ್ಲಿಂದ. ಯಾವ ರೀತಿ ಬೇಕಾದರೂ ಈಜಬಹುದು. ದಣಿವಾದರೆ ದೋಣಿ ಹಿಡಿದು ನಿಲ್ಲಬಹುದು, ಅದರ ಆಸರೆಯಲ್ಲಿ ಮುಂದೆ ಹೋಗಬಾರದು ಅಷ್ಟೇ. ತಲೆ ಮೇಲೆತ್ತಿ ಈಜುವ ಬಾವಿಯ ಈಜುಗಾರನಿಗೆ ಇದಕ್ಕಿಂತ ಇನ್ನೇನು ಬೇಕು ಅಲ್ವಾ?

ಡ್ರಾಫ್ಟಿಂಗ್ ಇಲ್ಲದ ಸ್ಪರ್ಧೆಯಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಸೈಕಲ್ ಹೊಡೆಯುವಂತಿಲ್ಲ. ಅವರು ಗಾಳಿ ಸೀಳುತ್ತಾರೆ, ಹಿಂದಿನವನಿಗೆ ಶ್ರಮ ಉಳಿಯುತ್ತದೆ. ನನ್ನ ಪ್ರಕಾರ ತುಂಬ ನ್ಯಾಯದ ನಿಯಮ ಇದು.

ಜಾಸ್ತಿ ಅಭ್ಯಾಸ ಬೇಕಾದದ್ದು ಹೆಲ್ಮೆಟ್‌ಗೆ. ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮೊದಲೇ ಅದರ ಪಟ್ಟಿ ಬಿಗಿದಿರಬೇಕು. ಓಟಕ್ಕೆ ಹೊರಡುವಾಗ ಸೈಕಲ್ ವಾಪಸ್ ಇಟ್ಟ ಮೇಲೇ ಬಿಚ್ಚಬೇಕು. ಕೇಳೋಕೆ ಸುಲಭ. ನೀರಿನಿಂದ ಎದ್ದು ಬಂದಾಗ ಬೆರಳು ಮರಗಟ್ಟಿರುತ್ತವೆ, ಕಣ್ಣಿಗೆ ನೀರು ಇಳಿಯುತ್ತಿರುತ್ತದೆ, ಎದೆ ಡವಡವ ಅನ್ನುತ್ತಿರುತ್ತದೆ. ಅದಕ್ಕೇ ಮನೆಯ ಅಂಗಳದಲ್ಲಿ ಅಭ್ಯಾಸ ಮಾಡಿದೆ. ಮಗಳು ತಲೆಗೆ ಒಂದು ಬಕೆಟ್ ತಣ್ಣೀರು ಸುರಿಯುವಳು. ನಾನು ಗೇಟಿನವರೆಗೆ ಓಡಿ ಬಂದು ಹೆಲ್ಮೆಟ್ ಹಾಕುವೆ. ಮೊದಲ ದಿನ ಪಟ್ಟಿ ತಿರುಚಿಕೊಂಡು ಕೊಕ್ಕೆ ಕೂರಲೇ ಇಲ್ಲ. "ಅಪ್ಪಾ, ಮತ್ತೆ ತಪ್ಪು!" ಅಂತ ಇನ್ನೊಂದು ಬಕೆಟ್. ಆಮೇಲೆ ಹೆಲ್ಮೆಟ್ಟನ್ನು ಅಂಗಾತ ಇಟ್ಟು, ಪಟ್ಟಿಗಳನ್ನು ಎರಡೂ ಕಡೆ ಹೊರಗೆ ಬಿಡುವುದು ಕಲಿತೆ. ಹತ್ತು ದಿನಕ್ಕೆ ಕೈಗೆ ಕೂತಿತು.

ಸ್ಪರ್ಧೆಯ ದಿನ ಅರ್ಧ ದಾರಿಯಲ್ಲಿ ಉಸಿರು ಕಟ್ಟಿತು. ದೋಣಿ ಹಿಡಿದೆ. ಬಾವಿಯ ಕಲ್ಲುಮೆಟ್ಟಿಲು ಹಿಡಿದಷ್ಟೇ ಸಮಾಧಾನ. ಇಪ್ಪತ್ತು ಉಸಿರು ಎಣಿಸಿ ಕೈ ಬಿಟ್ಟೆ. ದಡ ಹತ್ತಿದಾಗ ಹೆಚ್ಚು ಸೈಕಲ್‌ಗಳು ಉಳಿದಿರಲಿಲ್ಲ. ಆದರೂ ಗಡಿಬಿಡಿ ಮಾಡಲಿಲ್ಲ. ಗದ್ದದ ಕೆಳಗೆ ಕೊಕ್ಕೆ ಟಕ್ ಅಂದ ಮೇಲೇ ಸೈಕಲ್ ಮುಟ್ಟಿದೆ.